ಬೀಸುಕಲ್ಲಿನ ಭೂಗೋಳ

ನಾನು ಬೀದರಿನ ಆ ಓಣಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ದಿನಾ ನಸುಕಿನಲ್ಲಿ ನನ್ನನ್ನು ಎಬ್ಬಿಸುತ್ತಿದ್ದದ್ದು ಪಕ್ಕದ ಮನೆಯ ಬೀಸುಕಲ್ಲು. ಎರಡು ಮನೆಗಳಿಗೂ ಒಂದೇ ಗೋಡೆ. ಕಲ್ಲಿನ ಸದ್ದಿನ ಜೊತೆ ಹಾಡೂ ಕೇಳಿಸುತ್ತಿತ್ತು. ನಮ್ಮ ತವರಿನಲ್ಲಿ ಬೀಸುವಾಗ ಬಸವಣ್ಣನನ್ನು ನೆನೆಯುತ್ತಿದ್ದರು, ಅಣ್ಣತಮ್ಮಂದಿರನ್ನು ಹರಸುತ್ತಿದ್ದರು. ಇಲ್ಲಿ ಮಾತ್ರ ಬಸವಣ್ಣನಿಗೆ ಶರಣೆಂದ ಮೇಲೆ ನದಿಗಳು ಬರುತ್ತಿದ್ದವು, ಗುಡ್ಡಗಳು ಬರುತ್ತಿದ್ದವು, ಸುಲ್ತಾನರು ಸಾಲಾಗಿ ಬರುತ್ತಿದ್ದರು. ಹದಿಮೂರರ ಮಗ್ಗಿ ಕೂಡ ಕಲ್ಲಿನ ಜೊತೆ ತಿರುಗುತ್ತಿತ್ತು.

ಒಂದು ಕಡೆ ಹಾಡು ನಿಲ್ಲುತ್ತಿತ್ತು. ಮಾಂಜರಾ ನದಿ ಗೋದಾವರಿಯನ್ನು ಸೇರಿದ ಕೂಡಲೇ ದನಿ ನಿಂತು ಕಲ್ಲೊಂದೇ ತಿರುಗುತ್ತಿತ್ತು, ಮೂರು ಸಾಲಿನ ಒಂದು ಪದ ಹಾಡುವಷ್ಟು ಹೊತ್ತು. ಆಮೇಲೆ ಮುಂದಿನ ನದಿ. ಬೀಸುವ ಪಕ್ಕದ ಮನೆಯ ಹಿರಿಯ ಹೆಂಗಸು ಉಸಿರು ತಗೊಳ್ಳುತ್ತಾರೆ ಎಂದುಕೊಂಡಿದ್ದೆ. ಆದರೆ ದಿನವೂ ಅದೇ ಜಾಗದಲ್ಲಿ ಯಾರಿಗೆ ಉಸಿರು ಕಟ್ಟುತ್ತದೆ? ಒಂದು ಮಧ್ಯಾಹ್ನ ಅವರ ಜೊತೆ ತೊಗರಿ ಹಸನು ಮಾಡುತ್ತ ಕೂತಾಗ ಕೇಳಿಯೇಬಿಟ್ಟೆ. ಅವರು ನಕ್ಕು, "ಅಲ್ಲೊಂದು ಪದ ಇತ್ತವ್ವ. ತೆಗಿಬೇಕಾಯ್ತು" ಎಂದರು. ಆ ದಿನ ಮತ್ತು ಮುಂದಿನ ಎಷ್ಟೋ ಮಧ್ಯಾಹ್ನ ಅವರು ಹೇಳಿದ್ದನ್ನೆಲ್ಲ ಕೂಡಿಸಿ ಇಲ್ಲಿ ಬರೆದಿದ್ದೇನೆ.

ಅವರ ಹೆಸರು ಕೌಸಲ್ಯಾಬಾಯಿ. ಭಾಲ್ಕಿಯ ಹತ್ತಿರ ಮಾಂಜರಾ ದಂಡೆಯ ಒಂದು ಹಳ್ಳಿ ಅವರ ತವರು. ಮನೆಯ ಹಿತ್ತಲಿನಿಂದ ಇಳಿದರೆ ನೀರು. ಅಕ್ಷರ ಕಲಿಸಿದವರಿಲ್ಲ. ಬೀದರಿನಲ್ಲಿ ಕಾಳುಕಡಿಯ ಅಂಗಡಿ ಇಟ್ಟಿದ್ದ ಮನ್ಮಥಪ್ಪನವರಿಗೆ ಕೊಟ್ಟರು. ಮಕ್ಕಳಾಗಲಿಲ್ಲ. ಮನ್ಮಥಪ್ಪ ಜ್ವರದಲ್ಲಿ ತೀರಿಕೊಂಡಾಗ ಕೌಸಲ್ಯಾಬಾಯಿ ಇನ್ನೂ ಚಿಕ್ಕ ವಯಸ್ಸಿನವರೇ. ಅಂಗಡಿ ಹೋಯಿತು, ಮನೆ ಉಳಿಯಿತು. ಬೆಳಿಗ್ಗೆ ಲಿಂಗಪೂಜೆ, ಎರಡು ರೊಟ್ಟಿ, ಸಂಜೆ ದೀಪ, ಇಷ್ಟೇ ಅವರ ದಿನ.

ಆ ಮನೆಗೆ ಮೊದಲು ಬಂದವನು ಠಾಣಾ ಕುಶನೂರಿನ ಹಾವಗೆಪ್ಪ. ಅವನ ತಂದೆ ಮನ್ಮಥಪ್ಪನವರಿಗೆ ಬೇಕಾದವರು. ಮಗನನ್ನು ಬೀದರಿನ ಒಂದು ಮದರಸಾಕ್ಕೆ, ಎಂದರೆ ಆಗಿನ ಸರ್ಕಾರಿ ಶಾಲೆಗೆ ಸೇರಿಸಿ, ಜೋಳದ ಚೀಲ ಇಳಿಸಿ, "ಬಾಯೀರ, ಇವನಿಗೊಂದು ರೊಟ್ಟಿ ಬಡದ ಹಾಕ್ರಿ" ಎಂದು ಬಿಟ್ಟುಹೋದರು. ಮರುವರ್ಷ ಚಿಂತಾಕಿಯ ಕುರಿಗಾರರ ಮನೆಯ ಧೊಂಡಿಬಾ ಬಂದ. ಅವನ ಹಿಂದೆ ಔರಾದ ಕಡೆಯ ಇನ್ನೂ ಮೂವರು. ಅಂಗಡಿಯ ಕಾಳು ತುಂಬುತ್ತಿದ್ದ ಪಡಸಾಲೆಯಲ್ಲಿ ಈಗ ಹುಡುಗರ ಚಾಪೆ, ಗಂಟು, ಗೋಡೆಗೆ ಒರಗಿಸಿದ ತಖ್ತಿಗಳು. ತಖ್ತಿ ಎಂದರೆ ಮರದ ಹಲಗೆ. ಅದಕ್ಕೆ ಬಿಳಿ ಮಣ್ಣು ಸಾರಿಸಿ, ಒಣಗಿಸಿ, ಜೊಂಡಿನ ಲೇಖನಿಯಿಂದ ಅಂದಿನ ಪಾಠ ಬರೆದು ಮರುದಿನ ಉಸ್ತಾದರಿಗೆ ತೋರಿಸಬೇಕು. ಅವರು ನೋಡಿದ ಮೇಲೆ ತೊಳೆದು ಮತ್ತೆ ಮಣ್ಣು ಸಾರಿಸಬೇಕು. ತೊಳೆದ ನೀರನ್ನು ಕೌಸಲ್ಯಾಬಾಯಿ ಬಚ್ಚಲಿಗೆ ಬಿಡಗೊಡುತ್ತಿರಲಿಲ್ಲ. ಅಕ್ಷರದ ನೀರು ಕಾಲಿಗೆ ಸಿಗಬಾರದೆಂದು ಹಿತ್ತಲಿನ ಬಿಲ್ವದ ಗಿಡಕ್ಕೆ ಹಾಕಿಸುತ್ತಿದ್ದರು. "ಕಾಕುನ ಬಿಲ್ಪತ್ರಿ ಗಿಡ ನಮಗಿಂತ ಜಾಸ್ತಿ ಉರ್ದು ಕುಡದದ" ಎಂದು ಧೊಂಡಿಬಾ ನಗೆಯಾಡುತ್ತಿದ್ದ. ಹುಡುಗರೆಲ್ಲ ಅವರನ್ನು ಕಾಕು, ಎಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು.

ಹೌದು, ಆಗಿನ ಸರ್ಕಾರದ ಭಾಷೆ ಉರ್ದು, ಪಾಠವೆಲ್ಲ ಉರ್ದು. ಲೆಕ್ಕ ಉರ್ದು, ಚರಿತ್ರೆ ಉರ್ದು, ಭೂಗೋಳವೂ ಉರ್ದು. ಅದರ ಮೇಲೆ ಪಾರ್ಸಿ ಬೇರೆ. ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡಿದ ಹುಡುಗರು ಅರ್ಥವಾಗದ ಸಾಲುಗಳನ್ನು ನಸುಕಿನಲ್ಲೆದ್ದು ಗಟ್ಟಿಯಾಗಿ ಉರು ಹಾಕುತ್ತಿದ್ದರು. ಅದೇ ಹೊತ್ತಿಗೆ ಕೌಸಲ್ಯಾಬಾಯಿ ಅವರ ಜೋಳ ಬೀಸುತ್ತಿದ್ದರು.

ಒಂದು ದಿನ ಹಾವಗೆಪ್ಪ ಪುಸ್ತಕ ಮುಚ್ಚಿ ಅಳುತ್ತ ಕೂತ.

"ಯಾಕ ಅಳ್ಲತ್ತಿ?"

"ಜುಗ್ರಾಫಿಯಾ ತಲಿಗಿ ಹೋಗವಲ್ದು ಕಾಕು. ನದಿ ಒಂದರ ಹಿಂದ ಒಂದು ಹೇಳಬೇಕು. ಇಲ್ಲಾಂದ್ರ ಜಹೀರೋದ್ದೀನ ಉಸ್ತಾದ ಬಾಕಿನ ಮ್ಯಾಲ ನಿಲ್ಲಸ್ತಾರ."

"ಆ ಪುಸ್ತಕದಾಗ ಏನದ? ನನಗ ಕನ್ನಡದಾಗ ಹೇಳು."

ಹುಡುಗ ತಡವರಿಸುತ್ತ ಹೇಳಿದ. ಮಾಂಜರಾ ನದಿ ಬೀಡ ಕಡೆಯ ಗುಡ್ಡದಲ್ಲಿ ಹುಟ್ಟುತ್ತದೆ, ಬಹಳ ತಿರುವು ತಗೊಳ್ಳುತ್ತದೆ, ಗೋದಾವರಿಯನ್ನು ಸೇರುತ್ತದೆ. ಕೌಸಲ್ಯಾಬಾಯಿಯ ಕೈ ಕಲ್ಲಿನ ಗೂಟದ ಮೇಲೆಯೇ ಇತ್ತು. ತಾವು ಈಜಾಡಿದ ನದಿ ಪುಸ್ತಕದಲ್ಲಿದೆ ಎಂಬುದೇ ಅವರಿಗೆ ಸೋಜಿಗ. "ಹುಟ್ಟೂದು ಅಲ್ಲಿ, ಸೇರೂದು ಅಲ್ಲಿ. ಅಂದ್ರ ಗೋದಾವರಿ ಆಕಿಗಿ ಅತ್ತಿಮನಿ ಆಯ್ತು ನೋಡು" ಎಂದು ಕಲ್ಲು ತಿರುಗಿಸಿದರು. ಪದ ತಾನಾಗಿಯೇ ಬಂತು.

ಬೀಡ ನಾಡಿನ ಗುಡ್ಡದಾಗ ಆಡಿ ಬೆಳೆದಳ ಮಾಂಜ್ರಿ
ಕೂಡಾಕ ಹೊಂಟಾಳ ಗೋದಿಯ, ಹಿಂದಕ್ಕ
ನೋಡುತ ನಡೆದಾಳ ತಿರುತಿರುಗಿ

ಹಾವಗೆಪ್ಪ ಒಂದೇ ಸಲಕ್ಕೆ ಕಲಿತ. ಹುಟ್ಟಿದ ಜಾಗ, ಸೇರುವ ಜಾಗ, ತಿರುವು, ಮೂರೂ ಪದದಲ್ಲಿದ್ದವು. ಉಸ್ತಾದರು ಕೇಳಿದಾಗ ಮನಸ್ಸಿನಲ್ಲಿ ಹಾಡಿಕೊಂಡು ಬಾಯಲ್ಲಿ ಉರ್ದು ಹೇಳಿದ. ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ ತಪ್ಪಿತು.

ಅಲ್ಲಿಂದ ಶುರುವಾಯಿತು. ಹುಡುಗರು ರಾತ್ರಿ ಊಟಕ್ಕೆ ಕೂತಾಗ ಅಂದಿನ ಪಾಠ ಕನ್ನಡದಲ್ಲಿ ಹೇಳಬೇಕು, ನಸುಕಿನಲ್ಲಿ ಅದು ಹಾಡಾಗಿ ಬರುತ್ತಿತ್ತು. ಬಹಮನಿ ಸುಲ್ತಾನರನ್ನು ಅಷ್ಟೂರಿನ ಗುಮ್ಮಟಗಳ ಸಾಲಿನಲ್ಲಿ ನಿಲ್ಲಿಸಿ, ಸಂತೆಗೆ ಹೋಗುವ ಹೆಂಗಸು ಒಬ್ಬೊಬ್ಬರನ್ನೂ ಮಾತಾಡಿಸಿಕೊಂಡು ಹೋಗುವಂತೆ ಕಟ್ಟಿದರು. ನೀರು ಕಾಸಿ ಕುಡಿಯಬೇಕು, ಉಗುರು ತೆಗೆಯಬೇಕು ಎಂಬ ಆರೋಗ್ಯದ ಪಾಠ ಗಂಡನ ಮನೆಗೆ ಹೊರಟ ಮಗಳಿಗೆ ತಾಯಿ ಹೇಳುವ ಬುದ್ಧಿಮಾತಾಯಿತು. ಪಾರ್ಸಿಯೊಂದು ಕಲ್ಲಿಗೆ ಬರಲಿಲ್ಲ. ಎಷ್ಟು ಯತ್ನಿಸಿದರೂ ಅದು ಕಲ್ಲಿನ ನಡಿಗೆಗೆ ಹೊಂದದು. "ಅದು ಕುದುರಿ ಮ್ಯಾಲ ಕುಂತು ಮಾತಾಡೂ ಭಾಷಾ ಇರಬೇಕವ್ವ" ಎಂದು ನನಗೆ ಹೇಳಿದ್ದರು. ಪಾರ್ಸಿಯಲ್ಲಿ ಆ ಮನೆಯ ಹುಡುಗರೆಲ್ಲ ಕಚ್ಚಾ ಆಗಿಯೇ ಉಳಿದರು.

ಹಾಡಿನ ವಿಷಯವನ್ನು ಹುಡುಗರು ಮದರಸಾದಲ್ಲಿ ಯಾರಿಗೂ ಹೇಳಿರಲಿಲ್ಲ. ಮುದುಕಿಯ ಬೀಸುವ ಹಾಡಿನಿಂದ ಓದುತ್ತೇವೆ ಎಂದರೆ ಪೇಟೆಯ ಹುಡುಗರು ಉಳಿಸುತ್ತಿದ್ದರೇ!

ಇನ್ನು ಆ ತೆಗೆದ ಪದದ ವಿಷಯ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಆದರೆ ತಾವಾಗಿಯೇ ಹೋಗುವಂತಿಲ್ಲ. ತವರಿನಿಂದ ಅಣ್ಣನೋ ತಮ್ಮನೋ ಬಂದು ಹೊಸ್ತಿಲ ಹೊರಗೆ ನಿಂತು ಕರೆಯಬೇಕು. ಕರೆ ಬರದ ಹೆಣ್ಣು ಆ ದಿನ ಗಂಡನ ಮನೆಯಲ್ಲೇ ನಾಗಪ್ಪನಿಗೆ ಹಾಲೆರೆದು ಸುಮ್ಮನಿರುತ್ತಾಳೆ. ತಂದೆತಾಯಿ ಇರುವತನಕ ಕೌಸಲ್ಯಾಬಾಯಿಯ ತಮ್ಮ ಮಡೆಪ್ಪ ಪ್ರತಿ ವರ್ಷ ಬರುತ್ತಿದ್ದ. ಅವರು ತೀರಿದ ಮೇಲೂ ಒಂದೆರಡು ವರ್ಷ ಬಂದ. ಆಮೇಲೆ ಬರಲಿಲ್ಲ. ಜಗಳವಿಲ್ಲ, ಮುನಿಸಿಲ್ಲ. ಅವನ ಮಕ್ಕಳು ದೊಡ್ಡವರಾದರು, ಅವನ ಹೆಣ್ಣುಮಕ್ಕಳನ್ನು ಕರೆತರುವ ಕಾಲ ಬಂತು, ಅಕ್ಕ ಮರೆತುಹೋದಳು. ಅಷ್ಟೇ.

ಒಂದು ಪಂಚಮಿಗೆ ಹುಡುಗರೆಲ್ಲ ಊರಿಗೆ ಹೋಗಿದ್ದರು. ಖಾಲಿ ಮನೆಯಲ್ಲಿ ಕೌಸಲ್ಯಾಬಾಯಿ ತಮ್ಮೊಬ್ಬರಿಗಾಗಿ ಬೀಸುತ್ತ ನದಿಗಳ ಹಾಡು ಹಾಡುತ್ತಿದ್ದರು. ಮಾಂಜರಾ ಗೋದಾವರಿಯನ್ನು ಸೇರಿದಳು. ಅಲ್ಲಿಗೆ ಪುಸ್ತಕದ ಪಾಠ ಮುಗಿಯಿತು. ಆದರೆ ಅವರಿಗೆ ಮುಂದಿನ ನದಿಗೆ ಹೋಗಲು ಮನಸ್ಸು ಬರಲಿಲ್ಲ. ಶ್ರಾವಣ ಬಂದಿದೆ. ಆ ಹುಡುಗಿಯನ್ನು ಅಲ್ಲೇ ಬಿಟ್ಟು ಹೋಗುವುದು ಹೇಗೆ?

ಪಂಚಮಿ ಬಂತಂತ ಅಣ್ಣಯ್ಯ ಕರಿಬಂದ
ಮಿಂಚ್ಯಾವ ಕಣ್ಣು ಮಾಂಜ್ರೀಗಿ, ಗೋದಿಯ
ಅಂಚಿಂದ ಹೊಳ್ಳ್ಯಾಳ ತವರೀಗಿ

ಹುಡುಗರು ತಿರುಗಿ ಬಂದಾಗ ಆ ಪದ ಹಾಡಿನಲ್ಲಿ ಕೂತುಬಿಟ್ಟಿತ್ತು. ಸಣ್ಣ ಹುಡುಗರು ಇದನ್ನು ಹಾವಗೆಪ್ಪ ಪುಸ್ತಕ ನೋಡಿ ಹೇಳಿರಬೇಕೆಂದುಕೊಂಡರು. ಹಾವಗೆಪ್ಪ, ತನಗಿಂತ ಮೊದಲು ತಿರುಗಿ ಬಂದ ಬೇರೆ ಯಾರೋ ಹೇಳಿರಬೇಕೆಂದುಕೊಂಡ. ಆ ಹಾಡಿನಲ್ಲಿ ಅದುವರೆಗೆ ಒಂದು ಮಾತೂ ತಪ್ಪಾಗಿರಲಿಲ್ಲವಲ್ಲ! ಧೊಂಡಿಬಾನಂತೂ ಸಾಕ್ಷಿಯನ್ನೇ ಕೊಟ್ಟ. ಊರಿನಿಂದ ಬರುವಾಗ ತುಂಬಿದ ಹೊಳೆಯಲ್ಲಿ ನೀರು ಸುಳಿ ತಿರುಗಿ ಹಿಂದಕ್ಕೆ ಹೋಗುವುದನ್ನು ಕಣ್ಣಾರೆ ಕಂಡಿದ್ದನಂತೆ.

ವರ್ಷದ ಪರೀಕ್ಷೆ ಬಂತು. ಮೇಲಿನ, ಕೆಳಗಿನ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದರು, ಎಲ್ಲರ ಭೂಗೋಳದ ಕಾಗದದಲ್ಲೂ ಮಾಂಜರಾ ನದಿಯ ಸವಾಲು ಬಂತು. ಆ ಮನೆಯ ಐದೂ ಹುಡುಗರು ಹುಟ್ಟು, ತಿರುವು, ಸಂಗಮ ಎಲ್ಲ ಸರಿಯಾಗಿ ಬರೆದು, ಕಡೆಗೆ ಒಳ್ಳೆಯ ಉರ್ದುವಿನಲ್ಲಿ ಹೀಗೆ ಬರೆದಿದ್ದರು: ಶ್ರಾವಣ ಮಾಸದಲ್ಲಿ ಈ ನದಿ ಗೋದಾವರಿಯನ್ನು ಬಿಟ್ಟು ತನ್ನ ಹುಟ್ಟಿದ ಸ್ಥಳಕ್ಕೆ ಮರಳುತ್ತದೆ.

ಮೂರನೆಯ ದಿನ ಹುಡುಗರು ಮದರಸಾದಿಂದ ಬಂದವರು ಗಂಟು ಬಿಚ್ಚಲಿಲ್ಲ, ಕೈಕಾಲು ತೊಳೆಯಲಿಲ್ಲ. ಪಡಸಾಲೆಯಲ್ಲಿ ಸಾಲಾಗಿ ಕೂತರು.

"ಏನಾಯ್ತು? ಯಾರ್ಯಾರ ಹೊಡದಾಡಿ ಬಂದೀರಿ?" ಎಂದರು ಕೌಸಲ್ಯಾಬಾಯಿ.

ಹಾವಗೆಪ್ಪ ತಲೆ ತಗ್ಗಿಸಿದ. ಧೊಂಡಿಬಾ ಹೇಳಿದ. "ನಕಲ್ ಮಾಡೀರಿ ಅಂದ್ರು ಕಾಕು. ಐದೂ ಮಂದಿ ಒಬ್ಬನ ಕಾಗದ ನೋಡಿ ಬರದೀರಿ, ಇಲ್ಲಾಂದ್ರ ಇಂಥಾ ಹುಚ್ಚ ಮಾತು ಐದು ತಲಿಗಿ ಹ್ಯಾಂಗ ಬರ್ತದ ಅಂದ್ರು."

"ಯಾವ ಮಾತು?"

"ಮಾಂಜ್ರಾ ತವರಿಗಿ ಬರೂದು."

ಕೌಸಲ್ಯಾಬಾಯಿ ಹುಡುಗರ ಎದುರಿಗೆ ಕೂತರು.

"ನಾವು ಒಂದೇ ಪುಸ್ತಕದಾಗ ಓದೀವಿ ಅಂದ್ವಿ. ಹಂಗಿದ್ರ ಆ ಪುಸ್ತಕ ತಂದು ತೋರಸ್ರಿ, ಶುಕ್ರವಾರ ಜುಮ್ಮಾದೊಳಗ ತರಲಿಲ್ಲಾಂದ್ರ ನಕಲ್ ಅಂತ ಮ್ಯಾಲ ಬರದು ಹೆಸರು ಕಡಿತೀನಿ ಅಂದಾರ ಉಸ್ತಾದ್" ಎಂದು ಹೇಳಿ ಧೊಂಡಿಬಾ ನಗಲು ನೋಡಿದ. "ನನಗೇನ್ರಿ, ಕುರಿ ಕಾಯ್ಕೊಂಡ ಇರ್ತೇನಿ. ನಮ್ಮ ಕಾಕಾ ಮೊದಲೇ ಅಂದಿದ್ದ, ಸಾಲಿಗಿ ಕಳಿಸೂಕಿಂತ ಕುರಿ ಹಿಂದ ಕಳಸ್ರಿ ಅಂತ." ನಗು ಪೂರ್ತಿ ಬರಲಿಲ್ಲ. ಮಾತು ಮುಗಿಯುವ ಮೊದಲೇ ಅವನ ಕಣ್ಣು ತುಂಬಿತ್ತು.

ಹಾವಗೆಪ್ಪ ಈಗ ತಲೆ ಎತ್ತಿದ. "ಪುಸ್ತಕ ಬಾವ್ಯಾಗ ಬಿತ್ತು ಅಂತ ಹೇಳಿದ್ರಾಯ್ತು."

"ಸುಳ್ಳು ಬ್ಯಾಡ."

"ಮತ್ತ ಬೀಸೂಕಲ್ಲಿನ ಹಾಡು ಅಂತ ಹ್ಯಾಂಗ ಹೇಳಬೇಕ್ರಿ? ಎಲ್ಲಾರೂ ನಗತಾರ!"

"ನೀ ಹೇಳಬ್ಯಾಡ. ಹಾಡಿದಾಕಿ ನಾ ಇದ್ದೇನಿ. ನಾನೇ ಹೇಳ್ತೇನಿ."

ಆ ಸಂಜೆ ದೀಪ ಹಚ್ಚಿ ಲಿಂಗಯ್ಯನ ಮುಂದೆ ಬಹಳ ಹೊತ್ತು ಇದ್ದೆ ಎಂದು ಅವರು ನನಗೆ ಹೇಳಿದರು. ಏನು ಬೇಡಿಕೊಂಡಿರಿ ಎಂದು ಕೇಳಿದೆ. "ಬೇಡಲಿಲ್ಲವ್ವ. ಮಕ್ಕಳ ವರ್ಷ ಹಾಳ ಮಾಡೀನಿ, ನೀ ನೋಡ್ಕೋ ಅಂದೆ" ಎಂದರು.

ಮರುದಿನ ಬೆಳಿಗ್ಗೆ ಬಿಳಿ ಸೀರೆಯ ಸೆರಗು ಹೊದ್ದು, ಹಾವಗೆಪ್ಪನನ್ನು ಮುಂದೆ ಮಾಡಿಕೊಂಡು ಜಹೀರೋದ್ದೀನ ಉಸ್ತಾದರ ಮನೆಗೆ ಹೋದರು. ಗಂಡ ಹೋದ ಮೇಲೆ ಮಠಕ್ಕೆ ಬಿಟ್ಟರೆ ಬೀದರಿನಲ್ಲಿ ಬೇರೆ ಯಾರ ಮನೆಯ ಮೆಟ್ಟಿಲನ್ನೂ ಹತ್ತಿರಲಿಲ್ಲ. ಹುಡುಗನನ್ನು ಹೊರಗೆ ನಿಲ್ಲಿಸಿ, ಹೆಂಗಸರ ಕಡೆಯ ಬಾಗಿಲಿನಿಂದ ಒಳಗೆ ಹೋದರು. ಅಂಗಳದಲ್ಲಿ ಉಸ್ತಾದರ ತಾಯಿ ಖತೀಜಾ ಬೇಗಂ ಕೂತಿದ್ದರು, ಹಲ್ಲು ಬಿದ್ದ, ತುಂಬು ಮೈಯ ಹೆಂಗಸು. ಉರ್ದುವಿನಲ್ಲಿ ಏನು ಹೇಳಬೇಕೆಂದು ಕೌಸಲ್ಯಾಬಾಯಿ ದಾರಿಯುದ್ದಕ್ಕೂ ಹುಡುಗನ ಬಾಯಿಂದ ಕಲಿತುಕೊಂಡು ಬಂದಿದ್ದರು. ಎರಡು ಮಾತಾಡಿದ್ದರೋ ಇಲ್ಲವೋ, ಬೇಗಂ ಕೈ ಬೀಸಿ ತಡೆದರು.

"ಕನ್ನಡದಾಗ ಮಾತಾಡ್ರಿ ಬಾಯಿ. ನಂದು ತವರು ಕಮಠಾಣ. ಉರ್ದು ನಾ ಇಲ್ಲಿಗಿ ಬಂದ ಮ್ಯಾಲ ಕಲತಾಕಿ, ನನ್ನ ಮಗನೇ ಇನ್ನೂ ತಿದ್ದತಾನ."

ಕೌಸಲ್ಯಾಬಾಯಿ ಎಲ್ಲ ಹೇಳಿದರು. ಉಸ್ತಾದರು ಒಳಗಿನಿಂದ ಬಂದು ಪರದೆಯ ಆಚೆ ನಿಂತು ಕೇಳಿದರು. ಅವರೂ ಬೀದರಿನಲ್ಲೇ ಹುಟ್ಟಿದವರು, ಕನ್ನಡ ಬರುತ್ತಿತ್ತು.

"ಹಾಡಿನಾಗ ಜುಗ್ರಾಫಿಯಾ ಕಲಿಸೀರಿ ಅಂತೀರಿ. ಹಾಡಿ ತೋರಸ್ರಿ" ಎಂದರು.

ಕೌಸಲ್ಯಾಬಾಯಿ ಬಾಯಿ ತೆರೆದರು. ಬೀಡ ನಾಡಿನ ಗುಡ್ಡ ಬಂತು. ಮುಂದಿನದು ಬರಲಿಲ್ಲ. ಮತ್ತೆ ಮೊದಲಿನಿಂದ ಹಿಡಿದರು. ಅಲ್ಲೇ ತಪ್ಪಿತು. ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೇ ತಿಳಿಯದೆ ಸೆರಗು ಹಿಂಡಿದರು. ದಿನಾ ಹಾಡುವ ಹಾಡು ಯಾರೋ ಕದ್ದುಕೊಂಡು ಹೋದಂತಾಗಿತ್ತು.

"ಅಮ್ಮೀ, ಪಾಪ, ಮಕ್ಕಳ ಮ್ಯಾಲಿನ ಮಮತಿಂದ ಬಂದಾರ ಇವರು. ಹಾಡೂ ಇಲ್ಲ ಏನೂ ಇಲ್ಲ" ಎಂದರು ಉಸ್ತಾದರು. ಸಿಟ್ಟಿನಿಂದಲ್ಲ, ಮರುಕದಿಂದಲೇ. ಕೌಸಲ್ಯಾಬಾಯಿಗೆ ಆ ಮರುಕವೇ ಹೆಚ್ಚು ಚುಚ್ಚಿತು.

"ಹಾಡ ಅದರಿ! ಖರೇ ಅದ" ಎಂದರು. "ಕಲ್ಲಿಲ್ಲದ ಬರೂದಿಲ್ಲರಿ."

ಖತೀಜಾ ಬೇಗಂ ಜೋರಾಗಿ ನಕ್ಕರು. "ಹ್ಯಾಂಗ ಬರ್ತದ! ಕುಂತ ಜಾಗದಾಗ ಚಕ್ಕಿ ಹಾಡು ಯಾರಿಗಿ ಬಂದದ? ನಮ್ಮ ಅಮ್ಮಾಗೂ ಬರ್ತಿದ್ದಿಲ್ಲ, ನನಗೂ ಬರೂದಿಲ್ಲ. ಗಂಡಸರಿಗಿ ಏನ ಗೊತ್ತು? ಏಳ್ರಿ ಬಾಯಿ."

ಅಂಗಳದ ಮೂಲೆಯಲ್ಲಿ ಬೀಸುಕಲ್ಲಿತ್ತು, ಪಕ್ಕದಲ್ಲಿ ಗೋದಿಯ ಮೊರ. ಕೌಸಲ್ಯಾಬಾಯಿ ಎದ್ದರು, ಆದರೆ ಕಲ್ಲಿನ ಹತ್ತಿರ ಹೋಗಿ ನಿಂತುಬಿಟ್ಟರು. ಆ ಮನೆಯಲ್ಲಿ ಅವರು ನೀರನ್ನೂ ಮುಟ್ಟಿರಲಿಲ್ಲ. ತಾನು ಮುಟ್ಟಿದರೆ ಅವರಿಗೆ ನಡೆಯುವುದೋ, ಅವರ ಕಲ್ಲು ಮುಟ್ಟಿ ಮನೆಗೆ ಹೋದರೆ ತನ್ನವರಿಗೆ ನಡೆಯುವುದೋ, ಒಂದೂ ಹೊಳೆಯಲಿಲ್ಲ. ಬೇಗಂ ಅದನ್ನು ನೋಡಿದರು. "ನೀವು ಹಿಟ್ಟ ಮುಟ್ಟಬ್ಯಾಡ್ರಿ, ಗೂಟ ಹಿಡೀರಿ ಸಾಕು. ಕಾಳು ನಾ ಹಾಕ್ತೇನಿ" ಎಂದು ಮಂಡಿ ಹಿಡಿದುಕೊಂಡು ಎದುರಿಗೆ ಕೂತರು.

ಕೌಸಲ್ಯಾಬಾಯಿ ಒಂದು ಗಳಿಗೆ ಎದೆಯ ಮೇಲಿನ ಲಿಂಗದ ಮೇಲೆ ಕೈಯಿಟ್ಟರು. ಆಮೇಲೆ ಕೂತು, ಮನೆಯಲ್ಲಿ ದಿನಾ ಮಾಡುವಂತೆ ಕಲ್ಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಎದುರಿಗೆ ಬೇಗಂ ಬಿಸ್ಮಿಲ್ಲಾ ಎಂದು ಒಂದು ಹಿಡಿ ಗೋದಿ ಹಾಕಿದರು. ಎರಡು ಕೈಗಳು ಒಂದೇ ಗೂಟ ಹಿಡಿದವು. ಕಲ್ಲು ತಿರುಗಿತು, ಹಾಡು ಬಂತು.

ಗುಡ್ಡ ಬಂತು, ತಿರುವು ಬಂತು. ಮಾಂಜರಾ ಗೋದಾವರಿಯನ್ನು ಸೇರಿದಳು. ಪರದೆಯ ಆಚೆ ಉಸ್ತಾದರು ತಾವೇ ಕಲಿಸಿದ ಪಾಠ ತಮ್ಮ ಮನೆಯ ಅಂಗಳದಲ್ಲಿ ಬೇರೆ ಬಟ್ಟೆ ಉಟ್ಟುಕೊಂಡು ನಡೆಯುವುದನ್ನು ಕೇಳುತ್ತ ನಿಂತರು. ಪಂಚಮಿ ಬಂತು. ಅಣ್ಣಯ್ಯ ಕರೆಯಲು ಬಂದ. ಮಾಂಜರಾ ಗೋದಾವರಿಯ ಅಂಚಿನಿಂದ ಹೊರಳಿದಳು.

ಅಲ್ಲಿ ಖತೀಜಾ ಬೇಗಂ ಅವರ ಕೈ ಸಡಿಲವಾಯಿತು. ಕಲ್ಲು ನಿಧಾನವಾಗಿ ನಿಂತಿತು.

"ಇದನ್ನ ನಿಮಗ ಯಾರು ಹೇಳಿದ್ರು?" ಉಸ್ತಾದರ ದನಿ ಮೆತ್ತಗಾಗಿತ್ತು. "ನದಿ ತಿರುಗಿ ಬರ್ತದಂತ?"

"ಯಾರೂ ಹೇಳಿಲ್ಲರಿ. ನಾನೇ ಕರಕೊಂಡ ಬಂದೇನಿ."

"ಅದು ತಪ್ಪು."

"ತಪ್ಪ ಅದರಿ. ಹುಡುಗರದಲ್ಲ, ನಂದು. ಮಕ್ಕಳು ನಂಬಿ ಬರದಾವ. ಅವರ ಹೆಸರ ಕಡೀಬ್ಯಾಡ್ರಿ."

ಬೇಗಂ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು, "ಕಮಠಾಣದಾಗ ನಾವೂ ಪಂಚಮಿಗಿ ನಿಮ್ಮವರ ಜೋಕಾಲಿ ಆಡ್ತಿದ್ವಿ. ನಿಮ್ಮನ್ನ ಕರಿಲಾಕ ಯಾರು ಬರ್ತಾರ್ರಿ ಬಾಯಿ?"

"ಮೊದಲ ಬರ್ತಿದ್ರರಿ" ಎಂದರು ಕೌಸಲ್ಯಾಬಾಯಿ. ಬಾಗಿಲ ಹೊರಗೆ ನಿಂತಿದ್ದ ಹಾವಗೆಪ್ಪನಿಗೆ ಆ ಮಾತು ಕೇಳಿಸಿತು.

ಉಸ್ತಾದರು ಹೇಳಿದರು. "ನಕಲ್ ಅಂತ ಬರಿಯೂದಿಲ್ಲ. ಆದ್ರ ಆ ಸವಾಲಿನ ಅಂಕ ಪೂರಾ ಕಡಿತೀನಿ."

"ಕಡೀರಿ."

"ಮತ್ತ ಆ ಪದ ಹಾಡಿನಾಗಿಂದ ತೆಗಿಬೇಕು. ಮುಂದ ಬರೂ ಹುಡುಗರೂ ಅದನ್ನೇ ಬರದ್ರ ನಾ ಏನ ಮಾಡ್ಲಿ?"

ಹಾವಗೆಪ್ಪ ಬಾಗಿಲ ಸಂದಿಯಿಂದ ನೋಡುತ್ತಿದ್ದ. ಕೌಸಲ್ಯಾಬಾಯಿ ಕಲ್ಲಿನ ಗೂಟವನ್ನು ಬೆರಳಿನಿಂದ ಸವರುತ್ತಿದ್ದರಂತೆ.

"ಬೀದರದಾಗ ಆ ಪದ ಇನ್ನ ಹಾಡೂದಿಲ್ಲರಿ. ಮಾತು ಕೊಟ್ಟೆ."

"ಹಂಗಾದ್ರ ನಿಲ್ಲಿಸೂಕಿಂತ ಮೊದಲ ಇನ್ನೊಮ್ಮಿ ಹಾಡ್ರಿ" ಎಂದು ಖತೀಜಾ ಬೇಗಂ ಮತ್ತೊಂದು ಹಿಡಿ ಗೋದಿ ಹಾಕಿದರು.

ಹುಡುಗರ ಹೆಸರು ಉಳಿಯಿತು. ಧೊಂಡಿಬಾ ಭೂಗೋಳದಲ್ಲಿ ಕಷ್ಟಪಟ್ಟು ದಡ ಸೇರಿದ, ಎಲ್ಲರೂ ಮುಂದಿನ ತರಗತಿಗೆ ಹೋದರು. ನಸುಕಿನ ಹಾಡಿನಲ್ಲಿ ಆ ಪದದ ಜಾಗ ಖಾಲಿಯಾಯಿತು. ಬೇರೆ ಪದ ಕಟ್ಟಿ ತುಂಬಿಸಿರೆಂದು ಹುಡುಗರು ಹೇಳಿದರೂ ಕೌಸಲ್ಯಾಬಾಯಿ ಒಪ್ಪಲಿಲ್ಲ. ಕಲ್ಲು ಅಷ್ಟು ಹೊತ್ತು ಸುಮ್ಮನೆ ತಿರುಗುತ್ತಿತ್ತು, ಪಡಸಾಲೆಯಲ್ಲಿ ಓದುವ ಹುಡುಗರೂ ಅಲ್ಲಿ ತಾವಾಗಿ ದನಿ ತಗ್ಗಿಸುತ್ತಿದ್ದರು.

ಮತ್ತೆ ಶ್ರಾವಣ ಬಂತು. ಪಂಚಮಿಯ ಸೂಟಿಗೆ ಹುಡುಗರೆಲ್ಲ ಊರಿಗೆ ಹೊರಟುಹೋದರು. ಕೌಸಲ್ಯಾಬಾಯಿ ಪಡಸಾಲೆ ಸಾರಿಸಿ, ತಖ್ತಿಗಳನ್ನು ಒರೆಸಿ ಇಟ್ಟರು. ಹಬ್ಬಕ್ಕೆ ಎರಡು ದಿನ ಇರುವಾಗ ಮನೆಯ ಮುಂದೆ ಬಂಡಿ ನಿಂತ ಸದ್ದಾಯಿತು. ಹೊರಗೆ ಬಂದು ನೋಡಿದರೆ ಹಾವಗೆಪ್ಪ. ತಲೆಗೆ ಅಪ್ಪನ ರುಮಾಲು ಸುತ್ತಿದ್ದಾನೆ, ಅದು ಕಣ್ಣಿನ ತನಕ ಜಾರಿದೆ. ದಿನಾ ಒಳಗೆ ನುಗ್ಗುವವನು ಹೊಸ್ತಿಲ ಹೊರಗೇ ನಿಂತಿದ್ದಾನೆ.

"ಯಾಕೋ, ಊರಿಗಿ ಹೋಗಿದ್ದಿಲ್ಲ? ಒಳಗ ಬಾ."

"ಒಳಗ ಬರೂದಿಲ್ಲರಿ. ಕರಿಲಾಕ ಬಂದೇನಿ."

"ಏನು?"

"ನಮ್ಮವ್ವ ರುಕ್ಮಿಣಿಬಾಯಿ ಹೇಳಿ ಕಳಿಸ್ಯಾಳ್ರಿ. ಪಂಚಮಿಗಿ ಮನಿಮಗಳನ್ನ ಕರಕೊಂಡ ಬಾ ಅಂತ."

ಕೌಸಲ್ಯಾಬಾಯಿ ತೋಚಿದ್ದನ್ನು ಅಂದರು. "ನಿಮ್ಮವ್ವಕಿಂತ ನಾ ದೊಡ್ಡಾಕಿ ಇದ್ದೇನಲ್ಲೋ. ಯಾ ಲೆಕ್ಕದಾಗ ನಾ ಆಕಿಗಿ ಮಗಳು?"

"ಲೆಕ್ಕದಾಗ ನಾ ಮೊದಲೇ ಕಚ್ಚಾ ಅಲ್ಲೇನ್ರಿ ಕಾಕು" ಎಂದ ಹಾವಗೆಪ್ಪ.

ಬೀದರಿನಿಂದ ಕುಶನೂರಿಗೆ ಹೋಗುವ ದಾರಿಗೆ ಮಾಂಜರಾ ಅಡ್ಡ ಬರುತ್ತಾಳೆ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಬಂಡಿಯನ್ನು ಈಚೆ ಬಿಟ್ಟು ನಾವೆಯಲ್ಲಿ ದಾಟಬೇಕು, ಆಚೆ ದಂಡೆಯಲ್ಲಿ ಅವರ ಮನೆಯ ಇನ್ನೊಂದು ಬಂಡಿ ಕಾಯುತ್ತಿತ್ತು. ನಾವೆಯ ನಡುವೆ ಕೂತ ಕೌಸಲ್ಯಾಬಾಯಿ ಸುಮ್ಮನೆ ನೀರು ನೋಡುತ್ತಿದ್ದರು. ಎಷ್ಟೋ ವರ್ಷದ ಮೇಲೆ ಇಷ್ಟು ಹತ್ತಿರದಿಂದ ನೋಡಿದ್ದು. ಒಂದು ಬೊಗಸೆ ನೀರು ತಗೊಂಡು ಕಣ್ಣಿಗೆ ಹಚ್ಚಿಕೊಂಡರು.

"ಹಾವಗ್ಯಾ, ಯಾ ಕಡಿ ಹರೀಲತ್ತದ ಹೇಳು."

"ಮೂಡಲಕ್ಕರಿ. ಮುಂದ ಬಡಗಲಕ್ಕ ತಿರುಗಿ ಗೋದಾವರಿಗಿ ಕೂಡ್ತದ."

"ಆಮ್ಯಾಲ?"

ಹುಡುಗ ಅವರ ಮುಖ ನೋಡಿದ. "ಆಮ್ಯಾಲ ಸಮುದ್ರಕ್ಕರಿ."

"ಹ್ಞಾಂ. ಪ್ರತಿ ಪರೀಕ್ಷಾದಾಗ ಹಂಗೇ ಬರಿ" ಎಂದರು.

ಕುಶನೂರಿನ ಮನೆಯಲ್ಲಿ ರುಕ್ಮಿಣಿಬಾಯಿ ಕಾಲಿಗೆ ನೀರು ಕೊಟ್ಟು, ಹೊಸ ಕುಪ್ಪಸದ ಖಣ ಮಡಿಲಿಗೆ ಹಾಕಿದರು. ಮರುದಿನ ನಸುಕಿನಲ್ಲಿ ಹೂರಣದ ಹೋಳಿಗೆಗೆ ಗೋದಿ ಬೀಸಲು ಇಬ್ಬರೂ ಕಲ್ಲಿಗೆ ಕೂತರು. ನದಿಗಳ ಹಾಡು ಮಗನ ಬಾಯಿಂದ ಕೇಳಿ ರುಕ್ಮಿಣಿಬಾಯಿಗೂ ಬಾಯಿಪಾಠವಾಗಿತ್ತು. ಮಾಂಜರಾ ಗೋದಾವರಿಯನ್ನು ಸೇರಿದಳು. ಕೌಸಲ್ಯಾಬಾಯಿ ರೂಢಿಯಂತೆ ಬಾಯಿ ಮುಚ್ಚಿದರು, ಕಲ್ಲು ಸುಮ್ಮನೆ ತಿರುಗಿತು.

"ಯಾಕ ನಿಂತ್ರಿ? ನಮ್ಮ ಮನ್ಯಾಗ ಯಾರೂ ಪರೀಕ್ಷಾ ಬರಿಯೂದಿಲ್ಲ" ಎಂದರು ರುಕ್ಮಿಣಿಬಾಯಿ. "ನೀವು ಮಾತು ಕೊಟ್ಟದ್ದು ಬೀದರದ್ದಲ್ಲೇನ್ರಿ?"

ಆ ಪದ ನನಗೆ ಸಿಕ್ಕಿದ್ದು ಕುಶನೂರಿನಿಂದಲೇ. ಕೌಸಲ್ಯಾಬಾಯಿ ನಮ್ಮ ಓಣಿಯಲ್ಲಿ ಇರುವ ತನಕ ಅದನ್ನು ನನ್ನ ಮುಂದೆ ಒಮ್ಮೆಯೂ ಹಾಡಲಿಲ್ಲ, ಬರೀ ಮಾತಿನಲ್ಲೂ ಹೇಳಲಿಲ್ಲ. ಆದರೆ ಪ್ರತಿ ಶ್ರಾವಣದಲ್ಲಿ ಹೊಸ್ತಿಲ ಹೊರಗೆ ಒಬ್ಬ ಬಂದು ನಿಲ್ಲುತ್ತಿದ್ದ. ನಾನು ನೋಡುವ ಹೊತ್ತಿಗೆ ಹಾವಗೆಪ್ಪನಿಗೆ ಮೀಸೆ ಬಂದಿತ್ತು, ರುಮಾಲು ತಲೆಗೆ ಸರಿಯಾಗಿ ಕೂರುತ್ತಿತ್ತು. ಅವರು ಗಂಟು ಹಿಡಿದು ಹೊರಡುವಾಗ ಬಿಲ್ವದ ಗಿಡಕ್ಕೆ ನೀರು ಹಾಕು ಎಂದು ನನಗೆ ಹೇಳಿ, ಬಂಡಿಯಲ್ಲಿ ಹುಡುಗಿಯ ಹಾಗೆ ಮುಂದೆಯೇ ಹೋಗಿ ಕೂರುತ್ತಿದ್ದರು.